ಕಬ್ಬಿಣದ ನೇಗಿಲಿನ ಲಕ್ಷ್ಮಣರಾಯರು

ಜುಗೂಳದ ಹಿತ್ತಿಲುಗಳಲ್ಲಿ ಹಳೆಯ ಕಬ್ಬಿಣದ ರೆಂಟೆಯೊಂದು ಗೋಡೆಗೊರಗಿ ನಿಂತಿರುವುದು ಇಂದಿಗೂ ಒಮ್ಮೊಮ್ಮೆ ಕಣ್ಣಿಗೆ ಬೀಳುವುದುಂಟು. ಟ್ರ್ಯಾಕ್ಟರು ಬಂದ ಮೇಲೆ ಅದನ್ನು ಕೇಳುವವರಿಲ್ಲ. ಗುಜರಿಗೆ ಹೊರಟಿದ್ದ ಅಂಥದೊಂದನ್ನು ನಮ್ಮ ಹುಡುಗರು ಶಾಲೆಯ ಕಾರ್ಯಾನುಭವದ ಕೋಣೆಗೆ ತಂದು ಬಿಚ್ಚತೊಡಗಿದರು. ಬೋಲ್ಟು ಕಳಚಿಹೋಗಿದ್ದ ರಂಧ್ರವೊಂದರಲ್ಲಿ ಕಣಜದ ಹುಳುವು ಹಸಿಮಣ್ಣಿನ ಗೂಡು ಕಟ್ಟುತ್ತಿದ್ದಿತು. ಅದು ಹಸಿರು ಕೀಡೆಗಳನ್ನು ಹೊತ್ತು ತಂದು ಒಳಗಿರಿಸುವುದನ್ನು ಕಂಡು ಹುಡುಗರು ಪಾನಾ ಕೆಳಗಿಟ್ಟರು. ಆ ಬಿಡುವಿನಲ್ಲಿ ಒಬ್ಬನು, ಇಂತಹ ರೆಂಟೆಯನ್ನು ನಮ್ಮ ಸೀಮೆಯಲ್ಲಿ ಮೊದಲು ಮಾಡಿದವರು ಯಾರೆಂದು ಕೇಳಿದನು. ಅವನಿಗೆ ಹೇಳಿದುದನ್ನೇ ಇಲ್ಲಿ ಬರೆದಿದ್ದೇನೆ.

ಲಕ್ಷ್ಮಣರಾವ ಕಿರ್ಲೋಸ್ಕರರು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರ ಜೂನ್ 20ರಂದು ಜನಿಸಿದರು. ಚಿತ್ರಕಲೆಯನ್ನು ಅರಸಿ ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದರಾದರೂ, ವರ್ಣಭೇದವು ಕಣ್ಣಿಗೆ ಸರಿಯಾಗಿ ತಿಳಿಯದ ಕಾರಣ ಅದನ್ನು ಬಿಡಬೇಕಾಯಿತು. ಬಣ್ಣದ ಹಂಗಿಲ್ಲದ ಯಂತ್ರರೇಖಾಚಿತ್ರವು ಕೈಹಿಡಿಯಿತು. ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅಧ್ಯಾಪಕರಾದರು. ತಮಗೆ ಸಲ್ಲಬೇಕಾದ ಬಡ್ತಿಯು ಬೇರೊಬ್ಬರ ಪಾಲಾಗಲು, ಆ ಕೆಲಸವನ್ನು ತೊರೆದು ಬೆಳಗಾವಿಗೆ ಬಂದು, ಅಣ್ಣನವರೊಡನೆ ಸೈಕಲ್ಲಿನ ವ್ಯಾಪಾರದಲ್ಲಿ ನಿಂತರು. ಅದರ ಬೆನ್ನಿಗೇ ಮೇವು ಕತ್ತರಿಸುವ ಯಂತ್ರ, 1903ರಲ್ಲಿ ಕಬ್ಬಿಣದ ನೇಗಿಲು ಸಿದ್ಧವಾದವು.

ನೇಗಿಲು ಸಿದ್ಧವಾಯಿತು, ಕೊಳ್ಳುವವರು ಬರಲಿಲ್ಲ. ಕಬ್ಬಿಣವು ಭೂಮಿಗೆ ವಿಷವೆಂದು ಒಕ್ಕಲಿಗರು ಅಂಜಿದರು. ಮೊದಲನೆಯ ನೇಗಿಲು ಮಾರಾಟವಾಗಲು ಎರಡು ವರ್ಷಗಳೇ ಹಿಡಿದವು. ಆ ಅಂಜಿಕೆಯನ್ನು ಅಜ್ಞಾನವೆಂದು ನಗುವುದು ಸುಲಭ. ಆದರೆ ಒಂದು ಹಂಗಾಮು ತಪ್ಪಿದರೆ ವರ್ಷದ ಅನ್ನವೇ ತಪ್ಪುವವನು ಹೊಸದನ್ನು ಶಂಕಿಸಿದುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ರಾಯರು ಬೇಸರಿಸದೆ ಕಾದರೆಂಬುದೇ ದೊಡ್ಡದು.

ಇಂತಿರಲು ಬೆಳಗಾವಿಯ ಊರು ಬೆಳೆದು ಕಾರ್ಖಾನೆಯ ಜಾಗವನ್ನು ತೆರವು ಮಾಡಬೇಕಾಯಿತು. ಔಂಧ ಸಂಸ್ಥಾನದ ಅರಸರು 10,000 ರೂಪಾಯಿ ಸಾಲವನ್ನೂ ಕುಂಡಲ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ಬರಡು ನೆಲವನ್ನೂ ಕೊಟ್ಟರು. ನಮ್ಮೂರಿಗೆ ಹರಿದುಬರುವ ಕೃಷ್ಣೆಯ ಮೇಲ್ಗಡೆಯ ಸೀಮೆ ಅದು. ಪಾಪಾಸುಕಳ್ಳಿಯನ್ನು ಕಡಿದು, ಹಾವುಗಳನ್ನು ಓಡಿಸಿ, 1910ರಲ್ಲಿ ಕಿರ್ಲೋಸ್ಕರವಾಡಿಯನ್ನು ನೆಲೆಗೊಳಿಸಿದರು.

1914ರಲ್ಲಿ ಮಹಾಯುದ್ಧವು ಮೊದಲಾಗಲು ಹೊರನಾಡಿನ ಕಬ್ಬಿಣವು ದುರ್ಲಭವಾಯಿತು. ಕುಲುಮೆ ಆರುವ ಹೊತ್ತು. ಆಗ ರಾಯರ ದೃಷ್ಟಿ ಹೋದದ್ದು ಕೋಟೆಗಳಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಹಳೆಯ ತೋಪುಗಳ ಮೇಲೆ. ಅವನ್ನು ಕೊಂಡು, ಒಡೆದು, ಕರಗಿಸಿ ನೇಗಿಲಿಗೆ ಎರಕ ಹೊಯ್ದರು. ಲೋಕದ ಕಬ್ಬಿಣವೆಲ್ಲ ತೋಪಾಗುತ್ತಿದ್ದ ದಿನಗಳಲ್ಲಿ ಇಲ್ಲಿ ತೋಪು ನೇಗಿಲಾಯಿತು! ಗುಜರಿಯೆಂದರೆ ಮೂಗು ಮುರಿಯುವ ಹುಡುಗರು ಈ ಮಾತಿಗೆ ಕಣ್ಣರಳಿಸಿದರು.

ಮುಂದೆ ಕಬ್ಬಿನ ಗಾಣ, ಪಂಪುಗಳು ಬಂದವು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಸ್ಥಾಪಿತವಾಯಿತು. 1956ರ ಸೆಪ್ಟೆಂಬರ್ 26ರಂದು ರಾಯರು ಕಾಲವಶರಾದರು. 1969ರಲ್ಲಿ, ಜನ್ಮಶತಾಬ್ದಿಯಂದು, ಭಾರತ ಸರಕಾರವು ಅವರ ಅಂಚೆಚೀಟಿಯನ್ನು ಹೊರಡಿಸಿತು.

ಕೆಲವು ವಾರಗಳಲ್ಲಿ ಕಣಜದ ಗೂಡು ತೂತು ಬಿದ್ದು ಬರಿದಾಯಿತು. ಹುಡುಗರು ಮಣ್ಣು ಕೆದರಿ, ಉಳಿದ ಬೋಲ್ಟುಗಳನ್ನು ಬಿಚ್ಚಿ, ಸವೆದ ಕುಳವನ್ನು ಹೆಗಲ ಮೇಲಿಟ್ಟುಕೊಂಡು ಕಂಬಾರರ ಮನೆಗೆ ಹೊರಟರು.