ಮೊದಲ ಸಿವಿಲ್ ಇಂಜಿನಿಯರ್ ಜಾನ್ ಸ್ಮೀಟನ್

ವಿದ್ಯಾರ್ಥಿಗಳೇ, ಸೇತುವೆ, ಅಣೆಕಟ್ಟುಗಳನ್ನು ಕಟ್ಟಿಸುವವರನ್ನು ಸಿವಿಲ್ ಇಂಜಿನಿಯರ್ ಎನ್ನುತ್ತೇವೆ. ಈ ಹೆಸರು ಹೇಗೆ ಬಂತು ಗೊತ್ತೇ? ಹಿಂದೆ ಇಂಗ್ಲೆಂಡಿನಲ್ಲಿ ಇಂಜಿನಿಯರ್ ಎಂದರೆ ಸೈನ್ಯಕ್ಕಾಗಿ ಕೋಟೆ ಕಟ್ಟುವವರು. ತಾವು ಜನರ ಬಳಕೆಗಾಗಿ ಕಟ್ಟುವವರೆಂದು ತಿಳಿಸಲು ತಮ್ಮನ್ನು ಸಿವಿಲ್ ಇಂಜಿನಿಯರ್ ಎಂದು ಕರೆದುಕೊಂಡವರಲ್ಲಿ ಜಾನ್ ಸ್ಮೀಟನ್ ಮೊದಲಿಗರು.

ಇವರು 1724ರಲ್ಲಿ ಲೀಡ್ಸ್ ನಗರದ ಬಳಿ ಜನಿಸಿದರು. ವಕೀಲರಾಗಿದ್ದ ತಂದೆ ಮಗನನ್ನು ಕಾನೂನು ಕಲಿಯಲು ಲಂಡನ್ನಿಗೆ ಕಳಿಸಿದರು. ಆದರೆ ಸ್ಮೀಟನ್ ಅದನ್ನು ಬಿಟ್ಟು, ಅಳತೆಯ ಉಪಕರಣಗಳನ್ನು ತಯಾರಿಸತೊಡಗಿದರು.

ಪ್ಲಿಮತ್ ಬಳಿಯ ಸಮುದ್ರದಲ್ಲಿ ಎಡ್ಡಿಸ್ಟೋನ್ ಎಂಬ ಬಂಡೆಗಳಿವೆ. ಅವುಗಳಿಗೆ ಬಡಿದು ಅನೇಕ ಹಡಗುಗಳು ಒಡೆದಿದ್ದವು. ಅಲ್ಲಿದ್ದ ಒಂದು ದೀಪಸ್ತಂಭ 1703ರ ಬಿರುಗಾಳಿಗೆ ಕೊಚ್ಚಿಹೋಯಿತು; ಇನ್ನೊಂದು 1755ರಲ್ಲಿ ಸುಟ್ಟುಹೋಯಿತು. ಮತ್ತೆ ಕಟ್ಟುವ ಕೆಲಸ ಸ್ಮೀಟನ್‌ರ ಪಾಲಿಗೆ ಬಂತು.

ಅವರು ಓಕ್ ಮರದ ಕಾಂಡದಂತೆ ಬುಡ ಅಗಲವಾಗಿರುವ ಕಲ್ಲಿನ ಸ್ತಂಭವನ್ನು ಯೋಜಿಸಿದರು. ಕಲ್ಲುಗಳನ್ನು ಒಂದಕ್ಕೊಂದು ಕಚ್ಚಿಕೊಳ್ಳುವಂತೆ ಕಡೆಸಿದರು. ಆದರೆ ಅಲೆಗಳ ನಡುವೆ ಗಾರೆ ಗಟ್ಟಿಯಾಗುವುದು ಹೇಗೆ? ಸ್ಮೀಟನ್ ಬೇರೆ ಬೇರೆ ಊರುಗಳ ಸುಣ್ಣದಿಂದ ಉಂಡೆ ಕಟ್ಟಿ ನೀರಿನಲ್ಲಿಟ್ಟು ನೋಡಿದರು. ಜೇಡಿಮಣ್ಣಿನ ಅಂಶವಿರುವ ಸುಣ್ಣದಕಲ್ಲಿನ ಸುಣ್ಣ ನೀರಿನಲ್ಲೂ ಗಟ್ಟಿಯಾಗುತ್ತದೆಂದು ಕಂಡುಕೊಂಡರು. ಮುಂದೆ ಸಿಮೆಂಟಿನ ಶೋಧನೆಗೂ ಇದು ದಾರಿಯಾಯಿತು.

1759ರಲ್ಲಿ ದೀಪ ಬೆಳಗಿತು. 1771ರಲ್ಲಿ ಸ್ಮೀಟನ್ ಮತ್ತು ಸಂಗಡಿಗರು ಸಿವಿಲ್ ಇಂಜಿನಿಯರುಗಳ ಸಂಘವನ್ನು ಸ್ಥಾಪಿಸಿದರು. ಹೀಗೆ ಇಂಜಿನಿಯರಿಂಗ್ ಒಂದು ಸ್ವತಂತ್ರ ವೃತ್ತಿಯಾಗಿ ಬೆಳೆಯತೊಡಗಿತು. 1792ರಲ್ಲಿ ಅವರು ನಿಧನರಾದರು.

ನೂರಕ್ಕೂ ಹೆಚ್ಚು ವರ್ಷಗಳ ಬಳಿಕ ಸವೆದದ್ದು ಸ್ತಂಭವಲ್ಲ, ಅದರ ಕೆಳಗಿನ ಬಂಡೆ! ಸ್ತಂಭದ ಮೇಲ್ಭಾಗವನ್ನು ಬಿಚ್ಚಿ ಪ್ಲಿಮತ್‌ನಲ್ಲಿ ಮತ್ತೆ ಜೋಡಿಸಿದ್ದಾರೆ. ಕಟ್ಟುವ ಮೊದಲು ಪರೀಕ್ಷಿಸಿ ನೋಡುವುದು ಎಷ್ಟು ಮುಖ್ಯ ಎಂಬುದಕ್ಕೆ ಅದು ಇಂದಿಗೂ ಸಾಕ್ಷಿಯಾಗಿ ನಿಂತಿದೆ.