ನೋವಿನೊಡನೆ ಸೆಣಸಿದ ಜಟ್ಟಿ: ಡಾ. ಜಾನ್ ಬೋನಿಕಾ

ಜಟ್ಟಿಯೆಂದರೆ ನೋವನ್ನು ಹಲ್ಲುಕಚ್ಚಿ ಸಹಿಸುವವನೆಂದು ಲೋಕರೂಢಿ. ಆದರೆ ನೋವನ್ನು ಸುಮ್ಮನೆ ಸಹಿಸಬೇಕಾಗಿಲ್ಲವೆಂದು ವೈದ್ಯಲೋಕಕ್ಕೆ ತಿಳಿಯಹೇಳಿದವರಲ್ಲಿ ಅಗ್ರಗಣ್ಯರು ಒಬ್ಬ ಜಟ್ಟಿಯೇ. ಅವರೇ ಡಾ. ಜಾನ್ ಬೋನಿಕಾ.

ಇಟಲಿಯ ಸಿಸಿಲಿಗೆ ಸಮೀಪದ ಫಿಲಿಕುಡಿ ಎಂಬ ಪುಟ್ಟ ದ್ವೀಪದಲ್ಲಿ ಬೋನಿಕಾ 1917ರಲ್ಲಿ ಜನಿಸಿದರು. ಸುಮಾರು ಹತ್ತು ವರ್ಷದವರಿದ್ದಾಗ ಅವರ ಕುಟುಂಬವು ನ್ಯೂಯಾರ್ಕ್ ನಗರಕ್ಕೆ ಬಂದು ನೆಲೆಸಿತು. ನಾಡು ಹೊಸದು, ನುಡಿಯೂ ಹೊಸದು. ಕೆಲವೇ ವರ್ಷಗಳಲ್ಲಿ ತಂದೆ ತೀರಿಕೊಂಡರು. ಬಾಲಕನು ಬೂಟುಗಳಿಗೆ ಪಾಲಿಶ್ ಮಾಡಿ, ಪತ್ರಿಕೆಗಳನ್ನು ಮಾರಿ ಮನೆಗೆ ನೆರವಾದನು. ಮುಂದೆ ವೈದ್ಯವಿದ್ಯೆಯ ಖರ್ಚಿಗೆ ಆಧಾರವಾದುದು ಕುಸ್ತಿ. ಹಣಕ್ಕಾಗಿ ಕಣಕ್ಕಿಳಿಯುತ್ತ ಓದಿ, 1942ರಲ್ಲಿ ಮಾರ್ಕ್ವೆಟ್ ವಿಶ್ವವಿದ್ಯಾನಿಲಯದ ವೈದ್ಯ ಪದವಿಯನ್ನು ಪಡೆದರು. ಊರು ಬಿಟ್ಟು ಬಂದು ಈ ನಗರದಲ್ಲಿ ಬಾಳು ಕಟ್ಟಿಕೊಂಡ ನಮಗೆ ಈ ಕಥೆ ಪರಕೀಯವೆನಿಸದು.

ಪತ್ನಿ ಎಮ್ಮಾ ಅವರ ಮೊದಲ ಹೆರಿಗೆಯಲ್ಲಿ ಅನುಭವವಿಲ್ಲದವರು ಈಥರ್ ಕೊಟ್ಟುದರಿಂದ ಆಕೆಯ ಪ್ರಾಣಕ್ಕೇ ಸಂಚಕಾರ ಬಂದಿತು. ಬೋನಿಕಾ ತಾವೇ ಮುನ್ನುಗ್ಗಿ ಆಕೆಯನ್ನು ಉಳಿಸಿಕೊಂಡರು. ಅರಿವಳಿಕೆ ಶಾಸ್ತ್ರವು ಅವರ ಜೀವನದ ವ್ರತವಾಯಿತು.

ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರನ್ನು ಅವರು ಸೇನಾ ಆಸ್ಪತ್ರೆಯಲ್ಲಿ ಕಂಡರು. ಗಾಯ ಮಾಯ್ದರೂ ಹಲವರ ನೋವು ಮಾಯಲಿಲ್ಲ. ನರತಜ್ಞ, ಮೂಳೆತಜ್ಞ, ಮನೋವೈದ್ಯ, ಇವರಲ್ಲಿ ಒಬ್ಬೊಬ್ಬರಿಗೂ ನೋವಿನ ಒಂದೊಂದು ಮುಖ ಮಾತ್ರ ಕಾಣುತ್ತಿತ್ತು. ಎಲ್ಲರೂ ಒಂದೆಡೆ ಕುಳಿತು ಒಬ್ಬ ರೋಗಿಯನ್ನು ಕುರಿತು ಆಲೋಚಿಸಬೇಕೆಂದು ಬೋನಿಕಾ ಸಾಧಿಸಿದರು. 1953ರಲ್ಲಿ ನೋವಿನ ನಿರ್ವಹಣೆಯನ್ನು ಕುರಿತು ಬೃಹದ್ಗ್ರಂಥವೊಂದನ್ನು ಹೊರತಂದರು. 1960ರಲ್ಲಿ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾನಿಲಯವನ್ನು ಸೇರಿ, ಹಲವು ತಜ್ಞರು ಕೂಡಿ ನಡೆಸುವ ನೋವಿನ ಚಿಕಿತ್ಸಾಲಯವನ್ನು ಬೆಳೆಸಿದರು. 1973ರಲ್ಲಿ ಅವರು ಕರೆದ ಸಭೆಯಿಂದ ನೋವಿನ ಅಧ್ಯಯನದ ಅಂತಾರಾಷ್ಟ್ರೀಯ ಸಂಘವು ಉದಯಿಸಿತು.

ಆದರೆ ಕುಸ್ತಿಯ ಕಣವು ತನ್ನ ಸಾಲವನ್ನು ಬಿಡದೆ ವಸೂಲು ಮಾಡಿತು. ಬೋನಿಕಾರ ಕೀಲುಗಳು ಸವೆದುಹೋದವು. ಸೊಂಟದ ಕೀಲುಗಳಿಗೇ ಹಲವು ಬಾರಿ ಶಸ್ತ್ರಚಿಕಿತ್ಸೆಯಾಯಿತು. ನೋವಿನ ವೈದ್ಯನೇ ನೋವಿನ ರೋಗಿಯಾದನು. ಆದರೂ ಕೆಲಸವನ್ನು ಬಿಡದೆ, 1990ರಲ್ಲಿ ತಮ್ಮ ಗ್ರಂಥದ ಎರಡನೆಯ ಆವೃತ್ತಿಯನ್ನು ಹೊರತಂದರು. 1994ರಲ್ಲಿ ಎಮ್ಮಾ ತೀರಿಕೊಂಡರು. ಅದೇ ವರ್ಷ ಬೋನಿಕಾರೂ ಕಣ್ಮುಚ್ಚಿದರು.

ಇಂದು ಸೊಂಟದ ಕೀಲನ್ನು ಬದಲಿಸಿದ ರೋಗಿಗೆ ಒಂದೇ ಬಲವಾದ ಮದ್ದನ್ನು ಕೊಟ್ಟು ವೈದ್ಯರು ಕೈಕಟ್ಟಿ ಕೂರುವುದಿಲ್ಲ. ನರಗಳನ್ನು ಮರಗಟ್ಟಿಸುವ ಚುಚ್ಚುಮದ್ದು, ಹೊತ್ತುಹೊತ್ತಿಗೆ ಮಾತ್ರೆ, ಮಂಜುಗಡ್ಡೆಯ ಶೈತ್ಯ, ವ್ಯಾಯಾಮ ಹೇಳಿಕೊಡುವವರ ನೆರವು, ಧೈರ್ಯದ ಮಾತು, ಇವೆಲ್ಲವೂ ಕೂಡಿ ಕೆಲಸಮಾಡುತ್ತವೆ. ನೋವು ಹತೋಟಿಯಲ್ಲಿದ್ದರೆ ರೋಗಿಯು ಅದೇ ದಿನವೋ ಮರುದಿನವೋ ಆಸರೆ ಹಿಡಿದು ನಾಲ್ಕು ಹೆಜ್ಜೆ ಇಡಬಲ್ಲನು. ನಡೆಯದೆ ಮಲಗಿದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯವು ಹೆಚ್ಚು.

ನಮ್ಮ ಮನೆಗಳ ಅಜ್ಜ ಅಜ್ಜಿಯರು ಮಕ್ಕಳಿಗೆ ತೊಂದರೆಯಾದೀತೆಂದು ನೋವನ್ನು ನುಂಗಿಕೊಳ್ಳುತ್ತಾರೆ. ಈ ನಗರದ ಆಸ್ಪತ್ರೆಯ ಭಾಷೆ ಅವರಿಗೆ ಬಾರದಿರಲೂಬಹುದು. ವಿದ್ಯಾರ್ಥಿಗಳೇ, ಅಂಥ ವೇಳೆ ನೋವು ಎಲ್ಲಿ, ಎಷ್ಟು, ಯಾವಾಗ ಎಂದು ಕೇಳಿ ತಿಳಿದು, ವೈದ್ಯರಿಗೆ ತಿಳಿಸುವ ನಾಲಗೆ ನಿಮ್ಮದಾಗಲಿ.