ಎಲಿಜಬೆತ್ ಕಾಟನ್ ಎಂಬಾಕೆಯ ಜೀವಿತವು

ಅಮೇರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಉತ್ತರ ಕೆರೊಲೈನಾ ಎಂಬುದೊಂದು. ಅಲ್ಲಿಯ ಚಾಪೆಲ್ ಹಿಲ್ ಪಟ್ಟಣದ ಮಗ್ಗುಲಲ್ಲಿ, ಈಗ ಕಾರ್ಬರೋ ಎಂದು ಕರೆಯಲ್ಪಡುವ ಊರಿನಲ್ಲಿ, ರೈಲುದಾರಿಯ ಸಮೀಪದ ಒಂದು ಬಡ ಕುಟುಂಬದಲ್ಲಿ 1893ನೆಯ ಇಸವಿ ಜನವರಿ 5ನೆಯ ತಾರೀಖು ಒಂದು ಹೆಣ್ಣು ಕೂಸು ಹುಟ್ಟಿತು. ತಂದೆ ಜಾರ್ಜ್ ನೆವಿಲ್ಸ್, ತಾಯಿ ಲೂಯಿಸಾ. ಐವರು ಮಕ್ಕಳಲ್ಲಿ ಈಕೆಯೇ ಕಿರಿಯಳು. ಇವರು ಆಫ್ರಿಕಾ ಖಂಡದಿಂದ ಗುಲಾಮರಾಗಿ ಒಯ್ಯಲ್ಪಟ್ಟ ಜನರ ಸಂತತಿಯವರು. ಗುಲಾಮಗಿರಿಯು 1865ರಲ್ಲಿ ರದ್ದಾಗಿ ಆಗ್ಗೆ ಇನ್ನೂ ಮೂವತ್ತು ವರ್ಷಗಳು ತುಂಬಿರಲಿಲ್ಲ.

ಮನೆಯವರು ಈ ಮಗುವಿಗೆ ಹೆಸರನ್ನೇ ಇಟ್ಟಿರಲಿಲ್ಲ. ಕೂಸೆಂದೂ ತಂಗಿಯೆಂದೂ ಕರೆದುಕೊಂಡು ದಿನ ಕಳೆಯುತ್ತಿದ್ದರು. ಶಾಲೆಗೆ ಹೋದ ಮೊದಲನೆಯ ದಿವಸ ಉಪಾಧ್ಯಾಯರು ಹೆಸರು ಕೇಳಲಾಗಿ, ಆ ಬಾಲಿಕೆಯು ತನಗೆ ತಾನೇ ಎಲಿಜಬೆತ್ ಎಂದು ಹೆಸರಿಟ್ಟುಕೊಂಡು ಹೇಳಿದಳು. ಶಾಲೆಗೆ ಸೇರಿದ ಮೊದಲನೆಯ ದಿನ ತಾಯಿಯ ಸೆರಗು ಹಿಡಿದು ಅತ್ತವರು ನಮ್ಮಲ್ಲಿ ಅನೇಕರುಂಟು. ಹಾಗಿರುವಾಗ ಈ ಚಿಕ್ಕವಳ ಎದೆಗಾರಿಕೆಯನ್ನು ಮೆಚ್ಚದೆ ಇರಲಾಗದು.

ಆಕೆಯ ಅಣ್ಣನಲ್ಲಿ ಬ್ಯಾಂಜೋ ಎಂಬ ತಂತಿವಾದ್ಯವೊಂದಿತ್ತು. ಅವನು ಕೆಲಸಕ್ಕೆ ಹೊರಟ ಕೂಡಲೇ ಎಲಿಜಬೆತ್ತಳು ಮೆಲ್ಲನೆ ಅದನ್ನು ತೆಗೆದು ನುಡಿಸಲು ತೊಡಗುವಳು. ಎಷ್ಟೋ ಸಾರಿ ತಂತಿಯು ಕಿತ್ತುಹೋಗುತ್ತಿತ್ತು. ಕಲಿಸುವವರು ಯಾರೂ ಇರಲಿಲ್ಲ. ಸಾಲದ್ದಕ್ಕೆ ಆಕೆಯದು ಎಡಗೈ ರೂಢಿ, ವಾದ್ಯವೋ ಬಲಗೈಯವರಿಗಾಗಿ ಕಟ್ಟಿದ್ದು. ಆದುದರಿಂದ ಆಕೆಯು ವಾದ್ಯವನ್ನು ತಲೆಕೆಳಗು ಮಾಡಿ ಹಿಡಿದುಕೊಂಡಳು. ಸ್ಲೇಟಿನ ಮೇಲೆ ಎಡಗೈಯಿಂದ ಬರೆದ ಮಗುವಿನ ಬೆರಳಿಗೆ ಏಟು ಕೊಡುವುದು ನಮ್ಮ ಹಿರಿಯರ ವಾಡಿಕೆಯಾಗಿತ್ತು. ಎಲಿಜಬೆತ್ತಳ ವಾದ್ಯಾಭ್ಯಾಸಕ್ಕೆ ಗುರುವಿಲ್ಲದೆ ಹೋದದ್ದು ಈ ಒಂದು ವಿಷಯದಲ್ಲಿ ಒಳ್ಳೆಯದೇ ಆಯಿತೆಂದು ನಮಗೆ ತೋರುತ್ತದೆ.

ಕೆಲವು ಕಾಲದಲ್ಲಿ ಅಣ್ಣನು ಮನೆ ಬಿಟ್ಟು ಹೋದನು. ಅವನೊಡನೆ ಬ್ಯಾಂಜೋ ಸಹ ಹೋಯಿತು. ಆಗ ಈಕೆಯು ಓದು ಬಿಟ್ಟು ಪರರ ಮನೆಯಲ್ಲಿ ಕೆಲಸಕ್ಕೆ ನಿಂತಳು. ತಿಂಗಳಿಗೆ 75 ಸೆಂಟುಗಳ ಸಂಬಳ. ಆ ಹಣವನ್ನು ಕೂಡಿಸಿ, 3 ಡಾಲರು 75 ಸೆಂಟುಗಳನ್ನು ತೆತ್ತು, ಸ್ಟೆಲ್ಲಾ ಎಂಬ ಹೆಸರಿನ ಗಿಟಾರೊಂದನ್ನು ಕೊಂಡುಕೊಂಡಳು. ಮೊದಲಿನ ಸಂಬಳದಿಂದ ಲೆಕ್ಕ ಹಾಕಿದರೆ ಇದು ಐದು ತಿಂಗಳ ದುಡಿಮೆ. ಈಗಿನ ತಾಯ್ತಂದೆಗಳು ಮಕ್ಕಳ ಹುಟ್ಟುಹಬ್ಬಕ್ಕೆ ಕೊಂಡುಕೊಟ್ಟ ಗಿಟಾರುಗಳೆಷ್ಟೋ ಗೋಡೆಯ ಮೂಲೆಯಲ್ಲಿ ಧೂಳು ಹಿಡಿಯುತ್ತಿರುವುದನ್ನು ನೋಡಿರುವ ನಮಗೆ ಈ ಲೆಕ್ಕವು ಮನಸ್ಸಿಗೆ ನಾಟುತ್ತದೆ.

ಆ ಹುಡುಗಿಯು ನುಡಿಸಲು ಕಲಿತದ್ದು ಎಂಥ ಸಂಗೀತವೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಆ ಕಾಲದಲ್ಲಿ ಅಮೇರಿಕದಲ್ಲೆಲ್ಲಾ ರ‍್ಯಾಗ್‌ಟೈಮ್ ಎಂಬ ಪಿಯಾನೋ ವಾದನಕ್ರಮವು ಹಬ್ಬಿತ್ತು. ಸ್ಕಾಟ್ ಜಾಪ್ಲಿನ್ ಎಂಬ ಆಫ್ರಿಕನ್ ಮೂಲದ ಸಂಗೀತಗಾರನ ಮೇಪಲ್ ಲೀಫ್ ರ‍್ಯಾಗ್ ಎಂಬ ಕೃತಿಯು 1899ರಲ್ಲಿ ಅಚ್ಚಾಯಿತು. ಈ ಕ್ರಮದಲ್ಲಿ ಪಿಯಾನೋ ನುಡಿಸುವವನ ಎಡಗೈಯು ನಡಿಗೆಯ ಹೆಜ್ಜೆಯಂತೆ ಒಂದೇ ಸಮನಾಗಿ ತಾಳವನ್ನು ಹಾಕುತ್ತಿರುತ್ತದೆ; ಬಲಗೈಯ ರಾಗವಾದರೋ ತಾಳದ ಪೆಟ್ಟಿಗೆ ಸರಿಯಾಗಿ ಬೀಳದೆ, ಕೊಂಚ ಮುಂಚೆ ಅಥವಾ ಕೊಂಚ ತಡೆದು ಬೀಳುತ್ತದೆ. ನಮ್ಮ ಸಂಗೀತದಲ್ಲಿ ಅತೀತ, ಅನಾಗತ ಎಂಬ ಎಡುಪುಗಳನ್ನು ಬಲ್ಲವರಿಗೆ ಇದರ ಸೊಗಸು ಸುಲಭವಾಗಿ ತಿಳಿಯುವುದು. ಕೆರೊಲೈನಾ ಸೀಮೆಯ ಬಡವರಲ್ಲಿ ಪಿಯಾನೋ ಎಲ್ಲಿಂದ ಬರಬೇಕು? ಅವರು ಈ ಎರಡು ಕೈಗಳ ಕೆಲಸವನ್ನೂ ಗಿಟಾರಿನ ಆರು ತಂತಿಗಳ ಮೇಲೆ ಒಂದೇ ಕೈಯಿಂದ ಮಾಡಲು ಕಲಿತರು. ಹೆಬ್ಬೆರಳು ಮಂದ್ರದ ದಪ್ಪ ತಂತಿಗಳನ್ನು ಒಂದಾದ ಮೇಲೊಂದು ಮೀಟುತ್ತ ತಾಳವನ್ನು ಕಾಯುವುದು. ಮಿಕ್ಕ ಬೆರಳುಗಳು ತೆಳು ತಂತಿಗಳ ಮೇಲೆ ರಾಗವನ್ನು ನುಡಿಸುವುವು. ಬ್ಲೂಸ್ ಎಂಬ ದುಃಖದ ಹಾಡುಗಳೂ ಇದರೊಡನೆ ಬೆರೆತುವು. ಇಂಥ ತುಣುಕುಗಳು ಎರಡು ಮೂರು ನಿಮಿಷಗಳಲ್ಲಿ ಮುಗಿಯುವಂಥವು. ಹಾಡುವವರ ನೆರವಿಲ್ಲದೆ ಒಬ್ಬರೇ ಕುಳಿತು ನುಡಿಸಬಹುದಾದವು.

ಆದರೆ ಎಲಿಜಬೆತ್ತಳ ಗಿಟಾರು ತಲೆಕೆಳಗಾದದ್ದಲ್ಲವೇ? ತೆಳು ತಂತಿಗಳು ಮೇಲಕ್ಕೂ ದಪ್ಪ ತಂತಿಗಳು ಕೆಳಕ್ಕೂ ಬಂದಿದ್ದುವು. ಎಡಗೈಯವರಲ್ಲಿ ಅನೇಕರು ತಂತಿಗಳನ್ನು ಬಿಚ್ಚಿ ಹಿಂದುಮುಂದಾಗಿ ಕಟ್ಟಿಕೊಳ್ಳುವುದುಂಟು. ಆಕೆಯ ರೂಢಿಯು ಅದಲ್ಲ. ಅದರಿಂದ ಆಕೆಯ ತೋರುಬೆರಳು ತಾಳವನ್ನು ಕಾಯಬೇಕಾಯಿತು, ಹೆಬ್ಬೆರಳು ರಾಗವನ್ನು ನುಡಿಸಬೇಕಾಯಿತು. ಹೆಬ್ಬೆರಳಿನ ಭಾರವು ರಾಗದ ಮೇಲೆ ಬೀಳುವುದರಿಂದ ಆಕೆಯ ವಾದನದಲ್ಲಿ ರಾಗವು ಗಟ್ಟಿಯಾಗಿಯೂ ತಾಳವು ಮೃದುವಾಗಿಯೂ ಕೇಳಿಸುವುದು. ಮುಂದೆ ಪಂಡಿತರು ಈ ಕ್ರಮಕ್ಕೆ ಆಕೆಯ ಹೆಸರನ್ನೇ ಕೊಟ್ಟರು. ಬಲಗೈಯವರು ಅದೇ ತುಣುಕುಗಳನ್ನು ಎಷ್ಟು ಚೊಕ್ಕವಾಗಿ ನುಡಿಸಿದರೂ ಆ ನಾದವು ಪೂರ್ತಿಯಾಗಿ ಕೈಗೆ ಸಿಕ್ಕುವುದಿಲ್ಲ.

ಹನ್ನೊಂದು ಹನ್ನೆರಡರ ಪ್ರಾಯದಲ್ಲಿ, ಮನೆಯ ಬಳಿಯಲ್ಲಿ ಹಾದುಹೋಗುತ್ತಿದ್ದ ಗೂಡ್ಸ್ ಗಾಡಿಯ ಸದ್ದನ್ನು ಕೇಳುತ್ತ ಬೆಳೆದ ಆಕೆಯು ಫ್ರೈಟ್ ಟ್ರೇನ್ ಎಂಬ ಹಾಡನ್ನು ಕಟ್ಟಿದಳು. ಚಿಕ್ಕ ಹುಡುಗಿಯು ಕಟ್ಟಿದ್ದಾದರೂ ಅದರಲ್ಲಿ ಮರಣದ ಯೋಚನೆಯಿದೆ.

1910ರಲ್ಲಿ ಫ್ರ್ಯಾಂಕ್ ಕಾಟನ್ ಎಂಬವನೊಡನೆ ಆಕೆಗೆ ವಿವಾಹವಾಯಿತು. ಲಿಲ್ಲಿ ಎಂಬ ಮಗಳು ಹುಟ್ಟಿದಳು. ಆ ದಿನಗಳಲ್ಲಿ ಆಕೆಯು ಬ್ಯಾಪ್ಟಿಸ್ಟ್ ಸಭೆಗೆ ಸೇರಿದ್ದಳು. ದೇವರನ್ನು ಸೇವಿಸುವವಳು ಇಂಥ ಲೌಕಿಕ ಗೀತಗಳನ್ನು ಬಿಡತಕ್ಕದ್ದೆಂದು ಸಭೆಯವರು ಬುದ್ಧಿ ಹೇಳಿದರು. ಮನೆಗೆಲಸ, ಮಗುವಿನ ಪಾಲನೆ, ಕೂಲಿಯ ದುಡಿತ ಇವೂ ಸೇರಿ, ಗಿಟಾರು ಕೈಬಿಟ್ಟುಹೋಯಿತು. ಎಂದಾದರೊಮ್ಮೆ ದೇವಾಲಯದಲ್ಲಿ ನುಡಿಸಿದ್ದನ್ನು ಬಿಟ್ಟರೆ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಆಕೆಯು ಅದನ್ನು ಮುಟ್ಟಲಿಲ್ಲವೆನ್ನಬಹುದು. ಸಭೆಯವರು ಕೆಟ್ಟ ಮನಸ್ಸಿನಿಂದ ಹಾಗೆ ಹೇಳಿದರೆಂದು ನಾವು ಎಣಿಸುವುದಿಲ್ಲ. ಆದರೂ ದೇವರು ಕೊಟ್ಟ ಒಂದು ತಲಾಂತು ಅಷ್ಟು ವರ್ಷಗಳ ಪರ್ಯಂತ ನೆಲದಲ್ಲಿ ಹೂಳಲ್ಪಟ್ಟಿತೆಂಬ ವ್ಯಥೆಯು ಮನಸ್ಸಿನಿಂದ ಹೋಗುವುದಿಲ್ಲ.

ಕಾಲಕ್ರಮದಲ್ಲಿ ಗಂಡನಿಂದ ಬೇರೆಯಾಗಿ ಆಕೆಯು ಮಗಳೊಡನೆಯೂ ಮೊಮ್ಮಕ್ಕಳೊಡನೆಯೂ ವಾಷಿಂಗ್ಟನ್ ನಗರಕ್ಕೆ ಬಂದು ನೆಲೆಸಿದಳು. 1940ರ ದಶಕದ ಕೊನೆಯಲ್ಲಿ ಅಲ್ಲಿಯ ಒಂದು ದೊಡ್ಡ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ, ತಾಯಿಯಿಂದ ತಪ್ಪಿಸಿಕೊಂಡ ಒಂದು ಹುಡುಗಿಯನ್ನು ಕಂಡು ತಾಯಿಗೆ ಒಪ್ಪಿಸಿದಳು. ಆ ತಾಯಿಯು ರೂತ್ ಕ್ರಾಫರ್ಡ್ ಸೀಗರ್ ಎಂಬ ಹೆಸರಾಂತ ಸಂಗೀತ ರಚನಕಾರ್ತಿ, ಆಕೆಯ ಪತಿ ಚಾರ್ಲ್ಸ್ ಸೀಗರ್ ಸಂಗೀತಶಾಸ್ತ್ರಜ್ಞನು, ತಪ್ಪಿಸಿಕೊಂಡವಳು ಪೆಗ್ಗಿ. ಈ ಪರಿಚಯದಿಂದ ಎಲಿಜಬೆತ್ತಳು ಅವರ ಮನೆಗೆ ಕೆಲಸಕ್ಕೆ ಹೋಗತೊಡಗಿದಳು. ಆ ಮನೆಯ ಚಿಕ್ಕ ಮಗುವಿನ ತೊದಲು ನಾಲಿಗೆಗೆ ಎಲಿಜಬೆತ್ ಎಂಬುದು ಹೊರಳದೆ ಲಿಬ್ಬಾ ಆಯಿತು; ಮುಂದೆ ಲೋಕವೂ ಆಕೆಯನ್ನು ಹಾಗೆಯೇ ಕರೆಯಿತು.

ಸೀಗರ್‌ರವರ ಮನೆಯ ಗೋಡೆಯಲ್ಲಿ ಒಂದು ಗಿಟಾರು ತೂಗುಹಾಕಿತ್ತು. ಒಂದು ದಿವಸ ಆಕೆಯು ಅದನ್ನು ಇಳಿಸಿ ನುಡಿಸುತ್ತಿರುವಾಗ ಪೆಗ್ಗಿಯ ಕಿವಿಗೆ ಬಿತ್ತು. ಅಡಿಗೆ ಮಾಡಿ ಬಟ್ಟೆ ಇಸ್ತ್ರಿ ಮಾಡುವ ಹೆಂಗಸಿನ ಕೈಯಲ್ಲಿ ಇಂಥ ವಿದ್ಯೆಯಿರುವುದನ್ನು ಸಂಗೀತಗಾರರಿಂದಲೇ ತುಂಬಿದ ಆ ಮನೆಯವರು ಊಹಿಸಿರಲಿಲ್ಲ. ಅಷ್ಟು ಕಾಲ ಮೌನವಾಗಿದ್ದರೂ ಆಕೆಯ ಬೆರಳುಗಳು ಬಾಲ್ಯದ ತುಣುಕುಗಳನ್ನು ಮರೆತಿರಲಿಲ್ಲ.

ಪೆಗ್ಗಿಯು ಇಂಗ್ಲೆಂಡಿಗೆ ಹೋದಾಗ ಫ್ರೈಟ್ ಟ್ರೇನ್ ಹಾಡನ್ನು ಅಲ್ಲಿ ಹಾಡಿದಳು. ಅದು ಜನರಲ್ಲಿ ಹಬ್ಬಿ, 1957ರಲ್ಲಿ ಅಲ್ಲಿಯ ಗಾಯಕರ ರಿಕಾರ್ಡಾಗಿ ಬಹು ಪ್ರಖ್ಯಾತಿಗೆ ಬಂತು. ಆದರೆ ಆ ಹಾಡಿನ ಹಕ್ಕನ್ನು ಇಬ್ಬರು ಬೇರೆಯವರು ತಮ್ಮ ಹೆಸರಿನಲ್ಲಿ ಬರೆಸಿಕೊಂಡಿದ್ದರು. ವಾಷಿಂಗ್ಟನ್ನಿನಲ್ಲಿ ಪರರ ಮನೆಯ ನೆಲ ಒರಸುತ್ತಿದ್ದ ಅರವತ್ತು ದಾಟಿದ ಹೆಂಗಸು, ತಾನು ಹುಡುಗಿಯಾಗಿದ್ದಾಗ ಕಟ್ಟಿದ ಹಾಡು ಸಮುದ್ರದಾಚೆ ಹಣ ತರುತ್ತಿರುವುದನ್ನು ಕೇಳಿ ಸುಮ್ಮನಿರಬೇಕಾಯಿತು. ಸೀಗರ್ ಕುಟುಂಬದವರು ಆಕೆಯ ಪಕ್ಷವಾಗಿ ನಿಂತು ಬಹಳ ಶ್ರಮಪಟ್ಟ ಮೇಲೆ ಕೃತಿಯೊಡನೆ ಆಕೆಯ ಹೆಸರು ಸೇರಿತು. ಶಾಲೆಯಲ್ಲಿ ತನಗೆ ತಾನೇ ಹೆಸರಿಟ್ಟುಕೊಂಡವಳಿಗೆ ಆ ಹೆಸರನ್ನು ತನ್ನ ಹಾಡಿನ ಮೇಲೆ ಕಾಣುವುದಕ್ಕೆ ಐವತ್ತು ವರ್ಷಗಳಿಗಿಂತ ಹೆಚ್ಚಾದುವು.

ಪೆಗ್ಗಿಯ ಅಣ್ಣ ಮೈಕ್ ಸೀಗರನು ಆಕೆಯ ಮನೆಗೇ ಯಂತ್ರವನ್ನು ಕೊಂಡೊಯ್ದು ಆಕೆಯ ವಾದನವನ್ನು ಮುದ್ರಿಸಿದನು. 1958ರಲ್ಲಿ ಅದು ಫೋಕ್‌ವೇಸ್ ಕಂಪೆನಿಯ ರಿಕಾರ್ಡಾಗಿ ಹೊರಬಿತ್ತು. ವಿಲ್ಸನ್ ರ‍್ಯಾಗ್ ಮೊದಲಾದ ಸಣ್ಣ ತುಣುಕುಗಳು ಅದರಲ್ಲಿವೆ. ಗಿಟಾರು ಕಲಿಯುವ ಯುವಜನರು ಆ ರಿಕಾರ್ಡನ್ನು ಮತ್ತೆ ಮತ್ತೆ ತಿರುಗಿಸಿ, ಸ್ವರ ಸ್ವರವಾಗಿ ಕಿವಿಯಿಂದ ಹಿಡಿದು ಅಭ್ಯಾಸ ಮಾಡಿದರು. ಇಂದಿಗೂ ಬೆರಳುಗಳಿಂದ ಮೀಟುವ ಗಿಟಾರನ್ನು ಆರಂಭಿಸುವವರಿಗೆ ಲೋಕದ ನಾನಾ ದೇಶಗಳಲ್ಲಿ ಮೊದಮೊದಲು ಹೇಳಿಕೊಡುವ ಪಾಠಗಳಲ್ಲಿ ಫ್ರೈಟ್ ಟ್ರೇನ್ ಒಂದು. ಕಲಿಯುವವರು ಮೊದಲು ಹೆಬ್ಬೆರಳೊಂದನ್ನೇ, ಮಾತಾಡುತ್ತಿದ್ದರೂ ತಾಳ ತಪ್ಪದಷ್ಟು, ದಿನಗಟ್ಟಲೆ ಪಳಗಿಸುವರು. ಆಮೇಲೆ ರಾಗದ ಒಂದೊಂದೇ ಸ್ವರವನ್ನು ಅದರ ಮೇಲೆ ಕೂರಿಸುವರು. ಹೆಬ್ಬೆರಳು ಪಳಗುವ ಮುಂಚೆ ರಾಗಕ್ಕೆ ಕೈಹಾಕಿದರೆ ಎರಡೂ ಕೆಡುವುದು. ಅವಸರದ ಮಕ್ಕಳಿಗೆ ಇದು ಬೇಸರವೇ ಸರಿ.

1960ರ ಸುಮಾರಿಗೆ ಸ್ವಾರ್ಥ್‌ಮೋರ್ ಕಾಲೇಜಿನಲ್ಲಿ ಮೈಕ್ ಸೀಗರನೊಡನೆ ಆಕೆಯು ಮೊದಲ ಬಾರಿ ಸಭೆಯ ಮುಂದೆ ನುಡಿಸಿದಳು. ಕೀರ್ತಿ ಬಂದ ಮೇಲೂ ಬಹು ವರ್ಷ ಮನೆಗೆಲಸವನ್ನು ಬಿಡಲಿಲ್ಲ. ಮರಿಮಕ್ಕಳನ್ನು ಕೂರಿಸಿಕೊಂಡು, ಒಬ್ಬೊಬ್ಬರಿಂದ ಒಂದೊಂದು ನುಡಿ ಕಟ್ಟಿಸಿ ಶೇಕ್ ಶುಗರೀ ಎಂಬ ಹಾಡನ್ನು ಮಾಡಿದಳು. 1967ರ ರಿಕಾರ್ಡಿನಲ್ಲಿ ಅದನ್ನು ಹಾಡಿದವಳು ಹನ್ನೆರಡು ವರ್ಷದ ಮರಿಮಗಳೇ. 1978ರಲ್ಲಿ ಆಕೆಯು ಸಿರಾಕ್ಯೂಸ್ ನಗರಕ್ಕೆ ಹೋಗಿ ತನ್ನ ಸಂಪಾದನೆಯ ಹಣದಿಂದ ಮನೆಯೊಂದನ್ನು ಕೊಂಡಳು. 1984ರಲ್ಲಿ ರಾಷ್ಟ್ರೀಯ ಪರಂಪರಾ ಗೌರವವೂ, 1985ರಲ್ಲಿ, ತೊಂಬತ್ತು ದಾಟಿದ ಮೇಲೆ, ಗ್ರ್ಯಾಮಿ ಪ್ರಶಸ್ತಿಯೂ ದೊರೆತುವು.

1987ನೆಯ ಇಸವಿ ಜೂನ್ 29ರಂದು ಸಿರಾಕ್ಯೂಸ್‌ನಲ್ಲಿ ಆಕೆಯು ತೀರಿಕೊಂಡಳು. ಹುಟ್ಟೂರಾದ ಕಾರ್ಬರೋದಲ್ಲಿ ರೈಲುಹಳಿಯ ಪಕ್ಕದಲ್ಲಿ ಸೈಕಲ್ಲಿನವರೂ ನಡೆದುಹೋಗುವವರೂ ಬಳಸುವ ಒಂದು ದಾರಿಯಿದೆ. ಅದಕ್ಕೆ ಲಿಬ್ಬಾ ಕಾಟನ್ ಎಂದು ಹೆಸರು.